ಮಾಂಸದ ಹದ ಹೇಳುವವರು ಯಾರು?

ಕುಕ್ಕರಿಗೆ ಮಾಂಸ ಹಾಕಿ, ನಾಲ್ಕು ವಿಶಲ್ ಕೂಗಿಸಿ ಇಳಿಸಿ. ಕನ್ನಡದ ಅಡುಗೆ ಪುಟಗಳಲ್ಲಿ ಮಾಂಸ ಬೇಯಿಸುವ ವಿಷಯ ಬಂದಾಗ ಸಾಮಾನ್ಯವಾಗಿ ಸಿಗುವ ಸೂಚನೆ ಇಷ್ಟೆ. ಪತ್ರಿಕೆಯ ಪುರವಣಿ ಇರಲಿ, ಪುಸ್ತಕ ಇರಲಿ, ಈಗ ಮೊಬೈಲಿನಲ್ಲಿ ನೋಡುವ ಅಡುಗೆ ವಿಡಿಯೋ ಇರಲಿ, ಮಸಾಲೆಯ ಪಟ್ಟಿ ಮಾತ್ರ ಉದ್ದವಾಗಿರುತ್ತದೆ. ಚಕ್ಕೆ ಎಷ್ಟು, ಲವಂಗ ಎಷ್ಟು, ಗಸಗಸೆ ಎಷ್ಟು ಎಂಬುದಕ್ಕೆ ಚಮಚದ ಲೆಕ್ಕ ಇರುತ್ತದೆ. ಆದರೆ ಯಾವ ಭಾಗದ ಮಾಂಸ, ಎಷ್ಟು ವಯಸ್ಸಿನ ಪ್ರಾಣಿಯದು, ಬೆಂದಿದೆ ಎಂದು ಯಾವುದರಿಂದ ತಿಳಿಯಬೇಕು, ಯಾರ ಬಾಯಿಗೆ ಹದವಾಗಿ ಬೇಯಬೇಕು ಎಂಬ ಪ್ರಶ್ನೆಗಳನ್ನು ಯಾರೂ ಎತ್ತುವುದಿಲ್ಲ. ಅಡುಗೆಯ ಬರಹವೂ ಒಂದು ಬರಹವೇ. ಕತೆ, ಕವಿತೆಗಳನ್ನು ವಿಮರ್ಶೆಗೆ ಒಡ್ಡುವ ನಾವು ಇದನ್ನೂ ಸ್ವಲ್ಪ ನಿಧಾನವಾಗಿ ಓದಬೇಕಾಗಿದೆ. ಈ ಬರಹ ಖಾಲಿ ಬಿಟ್ಟ ಜಾಗದಲ್ಲಿ ದೊಡ್ಡದೊಂದು ತಿಳಿವಳಿಕೆ ಇದೆ. ಅದನ್ನು ಕೈಯಲ್ಲಿಟ್ಟುಕೊಂಡವರು ಹೆಚ್ಚಾಗಿ ಹೆಂಗಸರು.

ಸಿಹಿ ಅಡುಗೆಯ ಮಾತು ಬಂದಾಗ ಕನ್ನಡ ಹೀಗೆ ಜಿಪುಣತನ ತೋರಿಸುವುದಿಲ್ಲ. ಪಾಕಕ್ಕೆ ಒಂದೆಳೆ ಪಾಕ, ಎರಡೆಳೆ ಪಾಕ, ಉಂಡೆ ಪಾಕ ಎಂಬ ಹೆಸರುಗಳಿವೆ. ಬೆರಳಿಗೆ ಅಂಟಿಸಿ ಎಳೆದು ನೋಡಿ, ನೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು ಉಂಡೆ ಕಟ್ಟುತ್ತದೆಯೇ ನೋಡಿ ಎಂಬ ಪರೀಕ್ಷೆಗಳು ಎಷ್ಟೋ ಸಲ ಅಚ್ಚಾಗಿವೆ. ಅನ್ನ ಉದುರುದುರಾಗಿರಬೇಕೋ ಮೆತ್ತಗಿರಬೇಕೋ ಎಂದು ಹೇಳುತ್ತಾರೆ. ಮಾಂಸದ ಹತ್ತಿರ ಬಂದ ಕೂಡಲೇ ಇದೇ ಭಾಷೆ 'ಬೇಯಿಸಿ' ಎಂಬ ಒಂದು ಕ್ರಿಯಾಪದಕ್ಕೆ ಇಳಿದುಬಿಡುತ್ತದೆ.

ಇದಕ್ಕೆ ಹಳೆಯ ಕಾರಣವೊಂದಿದೆ. 1025ರಲ್ಲಿ ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಅಡುಗೆಗಾಗಿಯೇ ಒಂದು ಅಧ್ಯಾಯವಿದೆ. ಅದು ಸಸ್ಯಾಹಾರದ ಅಡುಗೆ. 1508ರ ಸುಮಾರಿಗೆ ಮೂರನೆಯ ಮಂಗರಸ ಬರೆದ 'ಸೂಪಶಾಸ್ತ್ರ' ಪೂರ್ತಿ ಅಡುಗೆಯದೇ ಗ್ರಂಥ. ಮಂಗರಸ ಜೈನ ಕವಿಯಾದ್ದರಿಂದ ಅಲ್ಲಿ ಮಾಂಸ ಇಲ್ಲದಿರುವುದು ಸಹಜ. ಮಾಂಸದ ಅಡುಗೆಯನ್ನು ವಿವರವಾಗಿ ಹೇಳುವುದು ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'. ಅದು 1130ರ ಆಸುಪಾಸಿನ ಗ್ರಂಥ. ನಮ್ಮ ಶಿಕಾರಿಪುರ ತಾಲೂಕಿನ ಬಳ್ಳಿಗಾವಿ ಬನವಾಸಿ ಪನ್ನಿರ್ಛಾಸಿರದ ರಾಜಧಾನಿಯಾಗಿ ಮೆರೆದದ್ದು ಅದೇ ಚಾಲುಕ್ಯರ ಕಾಲದಲ್ಲಿ. ಆದರೆ 'ಮಾನಸೋಲ್ಲಾಸ' ಇರುವುದು ಸಂಸ್ಕೃತದಲ್ಲಿ, ಅದೂ ಅರಮನೆಯ ಊಟದ ಬಗ್ಗೆ. ಸೊರಬದ ಸೀಮೆಯನ್ನು ಆಳಿದ ಕೆಳದಿಯ ಬಸವಪ್ಪ ನಾಯಕ 1709ರಲ್ಲಿ ರಚಿಸಿದ 'ಶಿವತತ್ತ್ವರತ್ನಾಕರ'ದಲ್ಲಿಯೂ ಅಡುಗೆಯ ವಿಷಯ ಬರುತ್ತದೆ. ಅದೂ ಸಂಸ್ಕೃತವೇ. ಹೀಗೆ ಕನ್ನಡದ ಹೆಸರಾಂತ ಅಡುಗೆ ಗ್ರಂಥಗಳು ಮಾಂಸದ ಒಲೆಯ ಹತ್ತಿರ ಸುಳಿಯಲಿಲ್ಲ. ಮಾಂಸ ತಿನ್ನುವ ಜನರ ಮಾತು ಅವರವರ ಅಡುಗೆಮನೆಯಲ್ಲೇ ಉಳಿಯಿತು. ನಂತರ ಪತ್ರಿಕೆಗಳು ಕೋಳಿ, ಕುರಿಗಳ ಅಡುಗೆಯನ್ನು ಅಚ್ಚು ಹಾಕತೊಡಗಿದಾಗ ಈ ಮನೆಮಾತನ್ನು ಕೇಳಿಸಿಕೊಳ್ಳಲಿಲ್ಲ. ಬೇಳೆ ಬೇಯಿಸುವ ಭಾಷೆಯನ್ನೇ ತಂದು ಮಾಂಸಕ್ಕೆ ಹಚ್ಚಿದವು.

ಆ ಮನೆಮಾತು ಬಡವಾದದ್ದಲ್ಲ. ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿಯ ಮುಸ್ಲಿಂ ಮನೆಗಳಲ್ಲಿ ಅತ್ತೆ ನಡುಮನೆಯಿಂದಲೇ ಕೇಳುತ್ತಾರೆ: "ಗೋಶ್ತ್ ಗಲ್ಯಾ ಕ್ಯಾ?" ಗಲ್ನಾ ಎಂದರೆ ಕರಗುವುದು. ಪಕ್ನಾ, ಅಂದರೆ ಬೇಯುವುದು, ಬೇರೆ. ಮಾಂಸ ಬೆಂದಿರಬಹುದು, ಆದರೂ ಗಲ್ ಆಗಿರಲಿಕ್ಕಿಲ್ಲ. ಒಳಗಿನ ಸೊಸೆ "ಥೋಡಾ ಕಸರ್ ಹೈ" ಎಂದರೆ ಇನ್ನು ಸ್ವಲ್ಪ ಬಾಕಿ ಇದೆ ಎಂದರ್ಥ. ಉರ್ದುವಿನ ಕಸರ್ ಎಂದರೆ ಕೊರತೆ. ಕನ್ನಡದ ಕೊಸರು ಎಂದರೆ ಸಂತೆಯಲ್ಲಿ ತೂಕದ ಮೇಲೆ ಹಾಕಿಸಿಕೊಳ್ಳುವ ಹೆಚ್ಚಿನ ಚೂರು. ಎರಡೂ ಭಾಷೆಯ ಶಾಲೆ ಕಂಡ ನಮಗೆ ಈ ಎರಡು ಪದಗಳು ಅಕ್ಕಪಕ್ಕ ಕೂತಂತೆ ಕಾಣುತ್ತವೆ. ಒಂದು ಅಳತೆಗೆ ಇಷ್ಟು ಕಡಿಮೆ, ಇನ್ನೊಂದು ಅಳತೆಗೆ ಇಷ್ಟು ಹೆಚ್ಚು. ಬಿರಿಯಾನಿಯ ಬಾವರ್ಚಿ ಮಾಂಸದಲ್ಲಿ ಬೇಕೆಂದೇ ಕಸರ್ ಉಳಿಸುತ್ತಾನೆ, ಏಕೆಂದರೆ ಅಕ್ಕಿ ಹಾಕಿ ದಮ್ ಕಟ್ಟಿದ ಮೇಲೆ ಉಳಿದ ಕೆಲಸವನ್ನು ಆ ಬಿಸಿ ಮುಗಿಸುತ್ತದೆ. ಮೊದಲೇ ಪೂರ್ತಿ ಬೆಂದಿದ್ದರೆ ದೇಗಿನಿಂದ ಬಡಿಸುವಾಗ ಎಲುಬು ಒಂದು ಕಡೆ, ಎಳೆ ಒಂದು ಕಡೆ.

ಕನ್ನಡ ಮನೆಗಳಲ್ಲೂ ಮಾತಿಗೆ ಬರವಿಲ್ಲ. ಎಳೇದು, ಬಲಿತದ್ದು, ನಾರು ನಾರು, ಮೆದು, ಮುಕ್ಕಾಲು ಬೆಂದದ್ದು, ಬೆಂದು ಹಣ್ಣಾದದ್ದು. ಸೊರಬದ ಕಡೆ ದೀವರ ಮನೆಯಲ್ಲಿ ಕಡುಬಿನ ಜೊತೆ ನಾಟಿಕೋಳಿ ಸಾರು ಮಾಡುವವರನ್ನು ಕೇಳಿದರೆ ಕೋಳಿ ಮೊಟ್ಟೆಗೆ ಬಂದಿತ್ತೇ, ಹುಂಜವೇ ಎಂಬುದರಿಂದಲೇ ಮಾತು ಶುರುವಾಗುತ್ತದೆ. ಮಸಾಲೆಯ ಮಾತು ಆಮೇಲೆ. ಈ ಕ್ರಮವೇ ಸರಿ. ಅಚ್ಚಾದ ಪಾಕವಿಧಾನಗಳು ಇದನ್ನು ತಲೆಕೆಳಗು ಮಾಡಿವೆ.

ಮಾಂಸದೊಳಗೆ ಏನಾಗುತ್ತದೆ ಎಂದು ತಿಳಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಬಿಸಿ ತಾಗಿದಾಗ ಸ್ನಾಯುವಿನ ಎಳೆಗಳು ಬಿಗಿಯುತ್ತವೆ, ಒಳಗಿನ ನೀರನ್ನು ಹಿಂಡಿ ಹೊರಹಾಕುತ್ತವೆ. 60ರಿಂದ 70 ಡಿಗ್ರಿಯ ನಡುವೆ ಇದು ಜೋರಾಗಿ ನಡೆಯುತ್ತದೆ. ಒಲೆಯ ಮೇಲಿಟ್ಟ ಸ್ವಲ್ಪ ಹೊತ್ತಿಗೇ ತುಂಡುಗಳು ಚಿಕ್ಕದಾಗಿ ಗಟ್ಟಿಯಾಗುವುದು ಇದರಿಂದ. ಆದರೆ ಎಳೆಗಳನ್ನು ಕಟ್ಟಿಹಾಕಿರುವ ಕೊಲಾಜೆನ್ ಎಂಬ ಅಂಟುನಾರು ಕರಗಿ ಜೆಲಟಿನ್ ಆಗಲು ನೀರು, ಬಿಸಿ, ಸಮಯ ಮೂರೂ ಬೇಕು. ಕಾಲು, ಕುತ್ತಿಗೆ, ಎದೆ ಮುಂತಾಗಿ ದುಡಿದ ಭಾಗಗಳಲ್ಲಿ ಈ ನಾರು ಹೆಚ್ಚು. ಪ್ರಾಣಿಗೆ ವಯಸ್ಸಾದಷ್ಟೂ ಅದು ಬಿಗಿ. ಹಾಗಾಗಿ ಪಾಯವನ್ನು ರಾತ್ರಿಯಿಡೀ ಸಣ್ಣ ಉರಿಯಲ್ಲಿ ಇಡುತ್ತಾರೆ. ಕಲೀಜಿಗೆ, ಅಂದರೆ ಯಕೃತ್ತಿಗೆ, ಕೆಲವೇ ನಿಮಿಷ ಸಾಕು. ಹೆಚ್ಚು ಹೊತ್ತು ಬಿಟ್ಟರೆ ರಬ್ಬರ್. ಬಕ್ರೀದ್ ದಿನ ಮನೆಗಳಲ್ಲಿ ಮೊದಲು ಕಲೀಜಿ ಆಗುವುದರ ಹಿಂದೆ ಈ ತಿಳಿವಳಿಕೆಯೂ ಇದೆ. ಅದೇ ದಿನ ಮಧ್ಯಾಹ್ನದ ಮಾಂಸ ಎಷ್ಟು ಬೇಯಿಸಿದರೂ ಮೊಂಡಾಗುವುದನ್ನು ಎಲ್ಲರೂ ಕಂಡಿದ್ದಾರೆ. ಕೊಯ್ದ ಕೆಲವು ಗಂಟೆಗಳಲ್ಲಿ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಅವು ಸಡಿಲವಾಗಲು ಸುಮಾರು ಒಂದು ದಿನ ಬೇಕು. ಅಂಥ ಮಾಂಸ ಬೇಯದಿದ್ದರೆ ಅದು ಅಡುಗೆಯವಳ ಅವಸರದಿಂದ ಆದದ್ದಲ್ಲ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿ ನೋಡಿದರೆ ಸಾಕು ಎಂಬ ಮಾತು ನಮ್ಮಲ್ಲಿದೆ. ಪಂಡಿತರು ಇದನ್ನು ಸ್ಥಾಲೀಪುಲಾಕ ನ್ಯಾಯ ಎನ್ನುತ್ತಾರೆ. ಒಂದು ಕತೆ ಓದಿ ಸಂಕಲನವನ್ನು ಅಳೆಯುವ ವಿಮರ್ಶಕರಿಗೂ ಇದು ಪ್ರಿಯವಾದ ನ್ಯಾಯ. ಮಾಂಸದ ಪಾತ್ರೆಯಲ್ಲಿ ಈ ನ್ಯಾಯ ನಡೆಯುವುದಿಲ್ಲ. ಅಕ್ಕಿಯ ಕಾಳುಗಳು ಒಂದೇ ಗದ್ದೆಯವು, ಒಂದೇ ವಯಸ್ಸಿನವು. ಒಂದು ಕಿಲೋ ಕುರಿಮಾಂಸದಲ್ಲಿ ರಾನ್ ಇದೆ, ಸೀನಾ ಇದೆ, ಚಾಪ್ ಇದೆ, ನಳ್ಳಿ ಇದೆ. ತೊಡೆಯ ಮೆತ್ತನೆ ತುಂಡು ನೋಡಿ ಒಲೆ ಆರಿಸಿದರೆ ಕುತ್ತಿಗೆಯ ತುಂಡು ಸಿಕ್ಕವನಿಗೆ ಅನ್ಯಾಯ. ಆದ್ದರಿಂದಲೇ ಬಲ್ಲವರು ಮೆತ್ತನೆಯದನ್ನು ಪರೀಕ್ಷಿಸುವುದಿಲ್ಲ, ಪಾತ್ರೆಯಲ್ಲಿ ಎಲ್ಲಕ್ಕಿಂತ ಮೊಂಡಾದ ತುಂಡನ್ನು ಹುಡುಕಿ ತೆಗೆಯುತ್ತಾರೆ. ಅದನ್ನು ಪಾತ್ರೆಯ ಗೋಡೆಗೆ ಒತ್ತಿ ಸೌಟಿನ ಅಂಚಿನಿಂದ ಅದುಮುತ್ತಾರೆ. ಅಂಚು ತಾನಾಗಿ ಇಳಿದು ಎಳೆಗಳು ಬಿಡಿಸಿಕೊಂಡರೆ ಆಯಿತು. ಎಲುಬಿನ ತುದಿಯಿಂದ ಮಾಂಸ ಹಿಂದೆ ಸರಿದು ಎಲುಬು ಬೆಳ್ಳಗೆ ಕಂಡಿದೆಯೇ ನೋಡುತ್ತಾರೆ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತಿದಾಗ ಪುಟಿದು ಬಂದರೆ ಇನ್ನೂ ಕಸರ್ ಇದೆ, ಬಿರಿದರೆ ಇಳಿಸಬಹುದು.

ಸುಳ್ಳು ಗುರುತುಗಳನ್ನೂ ತಿಳಿದಿರಬೇಕು. ಮೇಲೆ ಎಣ್ಣೆ ತೇಲಿದರೆ ಮಾಂಸ ಬೆಂದಿತು ಎಂದು ಎಷ್ಟೋ ಬರಹಗಳು ಹೇಳುತ್ತವೆ. ಎಣ್ಣೆ ತೇಲಿದರೆ ಮಸಾಲೆಯ ನೀರು ಆರಿದೆ ಎಂದಷ್ಟೆ ಅರ್ಥ, ಮಾಂಸದ ಸಂಗತಿ ಬೇರೆ. ಹಸಿ ವಾಸನೆ ಹೋಗುವುದೂ ಹೆಚ್ಚಾಗಿ ಈರುಳ್ಳಿ, ಶುಂಠಿ, ಬೆಳ್ಳುಳ್ಳಿಯ ಸುದ್ದಿ. ಪಪ್ಪಾಯಿಕಾಯಿ ಅರೆದು ಹಚ್ಚಿದರೆ ಮೇಲ್ಮೈ ಹಿಟ್ಟಾಗುತ್ತದೆ, ದಪ್ಪ ತುಂಡಿನ ಒಳಗೆ ನಾರು ಹಾಗೇ ಇರುತ್ತದೆ. ಬಣ್ಣವಂತೂ ಇನ್ನೂ ಮೋಸ. ಎಳೆ ಫಾರಂ ಕೋಳಿ ಪೂರ್ತಿ ಬೆಂದ ಮೇಲೂ ಎಲುಬಿನ ಹತ್ತಿರ ಕೆಂಪಾಗಿ ಕಾಣಬಹುದು, ಅದು ಎಲುಬಿನೊಳಗಿನ ಮಜ್ಜೆಯ ಬಣ್ಣ. ಇದಕ್ಕೆ ವಿರುದ್ಧವಾದದ್ದು ಸಂಜೆ ಬಂಡಿಗಳ ಚಿಕನ್ ಕಬಾಬ್. ಮೇಲೆ ಕಡುಕೆಂಪು ಬಣ್ಣ ಬಳಿದರೆ ಒಳಗೆ ಬೆಂದಿದೆಯೋ ಇಲ್ಲವೋ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲಿ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ಬಣ್ಣದ ಅಪಾಯಕ್ಕಾಗಿ. ನಮ್ಮ ದೃಷ್ಟಿಯಲ್ಲಿ ಅದರಿಂದ ಇನ್ನೊಂದು ಉಪಕಾರವೂ ಆಗಬೇಕು: ತಿನ್ನುವವನ ಕಣ್ಣಿಗೆ ಅದರ ಕೆಲಸ ವಾಪಸು ಸಿಗಬೇಕು. ಕುರಿಮಾಂಸದ ವಿಷಯದಲ್ಲಿ ಹದ ರುಚಿಯ ಪ್ರಶ್ನೆ. ಕೋಳಿಯ ವಿಷಯದಲ್ಲಿ ಅದು ಆರೋಗ್ಯದ ಪ್ರಶ್ನೆಯೂ ಹೌದು. ಸಾಲ್ಮೊನೆಲ್ಲಾದಂಥ ರೋಗಾಣುಗಳು ಸಾಯಲು ತುಂಡಿನ ನಟ್ಟನಡುವೆ 74 ಡಿಗ್ರಿ ಮುಟ್ಟಬೇಕು ಎಂದು ಆಹಾರ ತಜ್ಞರು ಹೇಳುತ್ತಾರೆ.

ಮಾಂಸದ ಹದ ನಾಲಿಗೆಯ ವಿದ್ಯೆ ಎಂದು ತಿಳಿದವರು ರಂಜಾನ್ ತಿಂಗಳಲ್ಲಿ ಒಂದು ಅಡುಗೆಮನೆಯನ್ನು ನೋಡಬೇಕು. ಅಸರ್ ನಮಾಜಿನ ಹೊತ್ತಿಗೆ ಒಲೆಯ ಮೇಲೆ ಪಾತ್ರೆ ಇರುತ್ತದೆ. ಬೇಯಿಸುವವಳು ಬೆಳಗಿನ ಜಾವದಿಂದ ನೀರೂ ಮುಟ್ಟಿಲ್ಲ. ಅಗತ್ಯವಿದ್ದರೆ ನಾಲಿಗೆಯ ತುದಿಗೆ ಸೋಕಿಸಿ ಉಗಿಯಬಹುದು ಎಂದು ಹೇಳುವ ಉಲೆಮಾಗಳಿದ್ದಾರೆ. ಆದರೆ ಉಪ್ಪನ್ನು ಹಾಗೆ ನೋಡಬಹುದೇ ಹೊರತು ಮಾಂಸವನ್ನು ಜಗಿದು ನೋಡುವಂತಿಲ್ಲ. ಆದರೂ ಮಗ್ರಿಬ್ ಬಾಂಗ್ ಆಗಿ ದಸ್ತರ್‌ಖಾನ್ ಹಾಸಿದಾಗ ಮಾಂಸ ಹದವಾಗಿಯೇ ಇರುತ್ತದೆ. ಮೂವತ್ತು ದಿನ ಅವಳು ಸೌಟಿನ ಭಾರ, ಕುದಿಯ ಸದ್ದು, ಎಲುಬಿನ ತುದಿ, ಬೆರಳಿನ ಒತ್ತಡ ಇಷ್ಟರಿಂದಲೇ ತೀರ್ಪು ಕೊಡುತ್ತಾಳೆ. ನೀರು ಹೆಚ್ಚಿದ್ದಾಗ ಕುದಿ ಒಂದು ಥರ ಕೇಳುತ್ತದೆ, ನೀರು ಬತ್ತಿ ಭೂನಾ ಶುರುವಾದಾಗ ಇನ್ನೊಂದು ಥರ. ಒಳಕೋಣೆಯಲ್ಲಿದ್ದರೂ ಆ ಬದಲಾವಣೆ ಕೇಳಿ ಅವಳು ಎದ್ದು ಬರುತ್ತಾಳೆ. ಇದನ್ನು ನಾವು ಕೈಗುಣ ಎಂದು ಕರೆದು ಕೈತೊಳೆದುಕೊಳ್ಳುತ್ತೇವೆ. ಅದು ವರ್ಷಗಟ್ಟಲೆ ನೋಡಿ, ಕೇಳಿ, ಹೋಲಿಸಿ ಗಳಿಸಿದ ವಿದ್ಯೆ.

ಈಗ ವಿಶಲ್‌ಗೆ ಮರಳೋಣ. ಪ್ರೆಷರ್ ಕುಕ್ಕರ್ ನಮ್ಮ ಹೆಂಗಸರಿಗೆ ದೊಡ್ಡ ಉಪಕಾರ ಮಾಡಿದೆ, ಅದರಲ್ಲಿ ಎರಡು ಮಾತಿಲ್ಲ. ಶಿಕಾರಿಪುರ, ಸೊರಬ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿವೆ. ತೆರೆದ ಪಾತ್ರೆಯಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನೊಳಗೆ ಅದು 120 ಡಿಗ್ರಿಯ ಹತ್ತಿರ ಹೋಗುತ್ತದೆ. ಎರಡು ಗಂಟೆಯ ಸೌದೆ, ಹೊಗೆ, ಕಣ್ಣುರಿ ಅರ್ಧ ಗಂಟೆಗೆ ಇಳಿಯಿತು. ನಮ್ಮ ತಕರಾರು ಕುಕ್ಕರಿನ ಮೇಲಲ್ಲ, ವಿಶಲ್ ಎಣಿಸುವ ಬರಹದ ಮೇಲೆ. ವಿಶಲ್ ಎಂದರೆ ಒತ್ತಡ ಹೆಚ್ಚಾಗಿ ಆವಿ ಹೊರಬಿದ್ದ ಸದ್ದು, ಅದು ಗಡಿಯಾರವಲ್ಲ. ಉರಿ ಜೋರಾಗಿದ್ದರೆ ನಾಲ್ಕು ವಿಶಲ್ ಬೇಗ ಮುಗಿಯುತ್ತವೆ, ಉರಿ ಸಣ್ಣದಿದ್ದರೆ ಬಹಳ ಹೊತ್ತು ಒಂದೂ ಬರುವುದಿಲ್ಲ. ಒತ್ತಡ ಏರಿದ ಮೇಲೆ ಉರಿ ತಗ್ಗಿಸಿ ನಿಮಿಷ ಲೆಕ್ಕ ಹಾಕುವುದೇ ಸರಿಯಾದ ಕ್ರಮ. ಇನ್ನು ಮಾಂಸದ ವಯಸ್ಸಂತೂ ವಿಶಲ್‌ಗೆ ತಿಳಿಯುವುದೇ ಇಲ್ಲ. ಫಾರಂ ಕೋಳಿ ಸುಮಾರು ಆರು ವಾರದ ಮರಿ. ಹಿತ್ತಲಲ್ಲಿ ಕೆದಕಿ ಮೇಯ್ದ ನಾಟಿಕೋಳಿಗೆ ವರ್ಷ ದಾಟಿರಬಹುದು. ಎರಡಕ್ಕೂ ಒಂದೇ ವಿಶಲ್ ಹೇಳಿದರೆ ಒಂದು ಪುಡಿಯಾಗುತ್ತದೆ, ಇನ್ನೊಂದು ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ.

ವಯಸ್ಸಿನ ಮಾತಿಗೆ ಇನ್ನೊಂದು ಮುಖವಿದೆ. ಕುರಿಮಾಂಸ ಕೊಳ್ಳಲಾಗದವರ ಮನೆಯ ಮಾಂಸದ ವಯಸ್ಸನ್ನು ಕಾನೂನೇ ನಿರ್ಧರಿಸುತ್ತ ಬಂದಿದೆ. 1964ರ ರಾಜ್ಯ ಕಾಯ್ದೆಯಲ್ಲಿ 12 ವರ್ಷ ದಾಟಿದ ಅಥವಾ ಕೆಲಸಕ್ಕೆ ಬಾರದಾದ ಎತ್ತು, ಎಮ್ಮೆ, ಕೋಣಗಳಿಗೆ ಮಾತ್ರ ಅವಕಾಶವಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ ಎತ್ತನ್ನೂ ಹೊರಗಿಟ್ಟು, 13 ವರ್ಷ ದಾಟಿದ ಎಮ್ಮೆ, ಕೋಣಗಳಿಗಷ್ಟೆ ಅವಕಾಶ ಉಳಿಸಿತು. ಈ ಕಾಯ್ದೆಯ ಸರಿತಪ್ಪಿನ ಚರ್ಚೆ ಬೇರೆ ಕಡೆ ನಡೆಯಲಿ. ಅಡುಗೆಯ ದೃಷ್ಟಿಯಿಂದ ಇದರರ್ಥ ಇಷ್ಟು: ಕಾನೂನಿನ ಪ್ರಕಾರ ಬಡವರ ಪಾತ್ರೆಗೆ ಬರುವ ಮಾಂಸ ಎಲ್ಲಕ್ಕಿಂತ ಮುದಿಯಾದದ್ದು, ಅಂಟುನಾರು ಅತಿ ಬಿಗಿಯಾದದ್ದು. ಅದಕ್ಕೆ ಉರುವಲು ಹೆಚ್ಚು ಬೇಕು, ಹೊತ್ತು ಹೆಚ್ಚು ಬೇಕು, ಕಾಯುವ ಹೆಣ್ಣಿನ ತಾಳ್ಮೆ ಹೆಚ್ಚು ಬೇಕು. ಈ ಮಾಂಸದ ಹದ ಹೇಳುವ ಒಂದು ಸಾಲೂ ನಮ್ಮ ಅಡುಗೆ ಪುಟಗಳಲ್ಲಿ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಇಷ್ಟವಾದ ಹದ ಎಂಬ ಮಾತನ್ನು ಇಲ್ಲಿ ಎದುರಿಗಿಟ್ಟು ನೋಡಬೇಕು. ಬೆಂಗಳೂರಿನ ಕೆಲವು ಹೋಟೆಲುಗಳಲ್ಲಿ, ನಮ್ಮ ಮಕ್ಕಳು ದುಡಿಯಲು ಹೋದ ದೂರದೇಶಗಳಲ್ಲಿ ಸ್ಟೇಕ್ ತರುವ ಮುನ್ನ ಗಿರಾಕಿಯನ್ನು ಕೇಳುತ್ತಾರೆ: ರೇರ್ ಬೇಕೋ, ಮೀಡಿಯಂ ಬೇಕೋ, ವೆಲ್ ಡನ್ ಬೇಕೋ? ಒಬ್ಬನಿಗೆ ಒಂದು ತುಂಡು, ಅವನ ಇಷ್ಟಕ್ಕೆ ಒಂದು ಹದ. ನಾರು ಕಡಿಮೆಯಿರುವ ಮೆತ್ತನೆ ಭಾಗವಾದ್ದರಿಂದ ಒಳಗೆ ಕೆಂಪು ಉಳಿದರೂ ಹಲ್ಲಿಗೆ ತೊಂದರೆಯಿಲ್ಲ. ಆದರೂ ಅಮೆರಿಕದ ಕೃಷಿ ಇಲಾಖೆ ಇಡೀ ತುಂಡಿಗೆ 63 ಡಿಗ್ರಿ ಬಿಸಿ ಮತ್ತು ಮೂರು ನಿಮಿಷದ ವಿರಾಮವನ್ನು ಸೂಚಿಸುತ್ತದೆ. ಆ ಕೆಂಪು ರಸವನ್ನು ಕಂಡು ನಮ್ಮವರು ರಕ್ತವೆಂದು ಹೇಸುವುದುಂಟು. ಅದು ರಕ್ತವಲ್ಲ, ಸ್ನಾಯುವಿನೊಳಗಿನ ಮಯೋಗ್ಲೋಬಿನ್ ಬೆರೆತ ನೀರು. ಕುರ್‌ಆನ್ ಹರಾಮ್ ಎಂದಿರುವುದು ಹರಿಯುವ ರಕ್ತವನ್ನು. ಹಾಗಾಗಿ ಅವರ ತಟ್ಟೆಯನ್ನು ನೋಡಿ ಮೂಗು ಮುರಿಯುವ ಅಗತ್ಯವಿಲ್ಲ, ನಮ್ಮ ಸಾರನ್ನು ಅತಿಯಾಗಿ ಬೇಯಿಸಿದ್ದು ಎಂದು ಅವರು ನಗುವ ಅಗತ್ಯವೂ ಇಲ್ಲ. ಎರಡು ಮಾಂಸಗಳೂ ಬೇರೆ, ಎರಡು ಊಟಗಳೂ ಬೇರೆ.

ನಮ್ಮದು ಒಂದೇ ಪಾತ್ರೆಯ ಊಟ. ಹಲ್ಲು ಬಿದ್ದ ಅಜ್ಜ, ಹಲ್ಲು ಮೂಡುತ್ತಿರುವ ಮಗು, ಗದ್ದೆಯಿಂದ ಹಸಿದು ಬಂದ ಮಗ, ಬಸುರಿ ಮಗಳು ಎಲ್ಲರಿಗೂ ಅದೇ ಪಾತ್ರೆಯಿಂದ ಬಡಿಸಬೇಕು. ಮಗನಿಗೆ ತುಂಡು ಸ್ವಲ್ಪ ಗಟ್ಟಿಯಾಗಿದ್ದು ಎಲುಬು ಕಚ್ಚಿ ಎಳೆಯಬೇಕು. ಅಜ್ಜನಿಗೆ ವಸಡಿನಲ್ಲೇ ಕರಗಬೇಕು. ಇವರಲ್ಲಿ ಯಾರ ಇಷ್ಟ? ಬಲ್ಲ ಅಡುಗೆಯವಳು ಅಜ್ಜನ ವಸಡನ್ನು ಅಳತೆಯಾಗಿ ಇಟ್ಟುಕೊಳ್ಳುತ್ತಾಳೆ. ಮಗನಿಗೆ ಬೇಕಾದ ನಾಲ್ಕು ತುಂಡುಗಳನ್ನು ಕಸರ್ ಇರುವಾಗಲೇ ಎತ್ತಿ ಬೇರೆ ಹುರಿದಿಡುತ್ತಾಳೆ. ಬೆಂದ ಪಾತ್ರೆಯನ್ನು ಮತ್ತೆ ಹಸಿ ಮಾಡಲಾಗದು, ಹಸಿಯದನ್ನು ಇನ್ನಷ್ಟು ಬೇಯಿಸಬಹುದು ಎಂಬ ಲೆಕ್ಕ ಅವಳಿಗೆ ಗೊತ್ತು. ಈ ಲೆಕ್ಕ ತಪ್ಪಿದ ಮನೆಯಲ್ಲಿ ಮುದುಕರು ಏನು ಮಾಡುತ್ತಾರೆ ಎಂಬುದನ್ನು ಗಮನಿಸಿ. ಅವರು ದೂರುವುದಿಲ್ಲ. ಶೋರ್ಬಾ ಸಾಕು, ಈಗೀಗ ಮಾಂಸ ಅಷ್ಟಾಗಿ ಹಿಡಿಸುವುದಿಲ್ಲ ಎನ್ನುತ್ತಾರೆ. ಮನೆಯವರು ಅದನ್ನು ವಯಸ್ಸಿನ ವೈರಾಗ್ಯವೆಂದು ನಂಬುತ್ತಾರೆ. ಎಷ್ಟೋ ಸಲ ಅದು ಇನ್ನು ಇಪ್ಪತ್ತು ನಿಮಿಷ ಬೇಯಿಸಿದ್ದರೆ ಹೋಗುತ್ತಿದ್ದ ವೈರಾಗ್ಯ.

ತೀರ್ಪಿನ ಮೇಲೆ ತೀರ್ಪು ಕೊಡುವವರೂ ಇದ್ದಾರೆ. ನಮ್ಮ ಮಲೆನಾಡಿನ ಅಂಚಿನಲ್ಲಿ ಅಡಿಕೆ ಬೇಯಿಸುವವನು ಚೊಗರಿನ ಬಣ್ಣ, ಹೋಳಿನ ಮೆತು ನೋಡಿ ಹದ ಹೇಳುತ್ತಾನೆ. ಅವನನ್ನು ಕಸುಬುದಾರ ಎಂದು ಕರೆದು ಕೂಲಿ ಕೊಡುತ್ತಾರೆ. ಮದುವೆಯ ದೇಗಿನ ಮುಂದೆ ನಿಂತ ಬಾವರ್ಚಿಗೆ ಉಸ್ತಾದ್ ಎಂಬ ಮರ್ಯಾದೆ ಇದೆ. ಅದೇ ಹದವನ್ನು ದಿನವೂ ಹೇಳುವ ಮನೆಯ ಹೆಣ್ಣಿಗೆ ಕೂಲಿಯೂ ಇಲ್ಲ, ಉಸ್ತಾದಿಯೂ ಇಲ್ಲ. ಮಾಂಸ ಹದವಾಗಿದ್ದರೆ ಕಸಾಯಿ ಒಳ್ಳೆ ಮಾಲು ಕೊಟ್ಟ ಎನ್ನುತ್ತಾರೆ. ಬೇಯದಿದ್ದರೆ ಸೊಸೆಗೆ ತವರಿನಲ್ಲಿ ಏನೂ ಕಲಿಸಿಲ್ಲ ಎನ್ನುತ್ತಾರೆ. ಎಲ್ಲರ ಹಲ್ಲಿನ ಲೆಕ್ಕ ಇಟ್ಟವಳು ಕೊನೆಗೆ ಉಣ್ಣಲು ಕೂತಾಗ ಪಾತ್ರೆಯ ತಳದಲ್ಲಿ ಉಳಿದಿರುವುದು ಎಲುಬು. ಅವಳಿಗೆ ಯಾವ ಹದ ಇಷ್ಟ ಎಂದು ಕೇಳಿದ ಮನೆಗಳು ಎಷ್ಟಿದ್ದಾವು? ನಾಲ್ಕು ವಿಶಲ್ ಎಂಬ ಬರಹ ಈ ಅನ್ಯಾಯಕ್ಕೆ ಅರಿವಿಲ್ಲದೆ ಕೈಜೋಡಿಸುತ್ತದೆ. ಹದವನ್ನು ಯಂತ್ರವೇ ಹೇಳುತ್ತದೆ ಎಂದಾದರೆ, ಹೇಳುತ್ತಿದ್ದವಳ ವಿದ್ಯೆ ವಿದ್ಯೆಯೇ ಅಲ್ಲ ಎಂದಾಗುತ್ತದೆ. ಅವಳ ಮಗಳೂ ಅದನ್ನು ಕಲಿಯುವುದಿಲ್ಲ.

ಆದ್ದರಿಂದ ಮಾಂಸದ ಅಡುಗೆ ಬರೆಯುವವರಲ್ಲಿ, ಅಚ್ಚು ಹಾಕುವ ಸಂಪಾದಕರಲ್ಲಿ ನಮ್ಮ ಬೇಡಿಕೆ ಸಣ್ಣದು. ಮಸಾಲೆಯ ಪಟ್ಟಿಗಿಂತ ಮೊದಲು ಮಾಂಸದ ಭಾಗ ಮತ್ತು ವಯಸ್ಸು ಬರೆಯಿರಿ. ವಿಶಲ್ ಬಿಟ್ಟು ನಿಮಿಷ ಬರೆಯಿರಿ, ಅದನ್ನೂ ಅಂದಾಜು ಎಂದೇ ಹೇಳಿ. ಎಲ್ಲಕ್ಕಿಂತ ಮೊಂಡಾದ ತುಂಡನ್ನು ಹೇಗೆ ಪರೀಕ್ಷಿಸಬೇಕು ಎಂಬುದಕ್ಕೆ ಎರಡು ಸಾಲು ಕೊಡಿ. ಮನೆಯಲ್ಲಿ ಹಲ್ಲಿಲ್ಲದವರಿದ್ದರೆ ಇನ್ನೆಷ್ಟು ಹೊತ್ತು ಎಂದು ಸೇರಿಸಿ. ಗಲ್ನಾ, ಕಸರ್, ನಾರು, ಬೆಂದು ಹಣ್ಣಾಗುವುದು ಮುಂತಾದ ಮಾತುಗಳು ಅಚ್ಚಿಗೆ ಬಂದರೆ ಕನ್ನಡಕ್ಕೆ ನಷ್ಟವೇನೂ ಇಲ್ಲ. ಸಕ್ಕರೆಯ ಎಳೆ ಎಣಿಸಲು ಬಲ್ಲ ಭಾಷೆ ಮಾಂಸದ ಎಳೆಯನ್ನೂ ಎಣಿಸಬಲ್ಲದು. ಓದುಗರಾದ ಗಂಡಸರಲ್ಲಿ ಇನ್ನೂ ಒಂದು ಬೇಡಿಕೆ ಇದೆ. ಮುಂದಿನ ಸಲ ಒಲೆಯ ಬಳಿಯಿಂದ ಸ್ವಲ್ಪ ತಡೆಯಿರಿ, ಇನ್ನೂ ಕಸರ್ ಇದೆ ಎಂಬ ದನಿ ಬಂದಾಗ ಹಸಿವು ತಡೆದು ಕಾಯಿರಿ. ಬಡಿಸಿದ ಮೇಲೆ ಮೊದಲ ಮೆತ್ತನೆ ತುಂಡನ್ನು ಅವಳ ತಟ್ಟೆಗೆ ಇಟ್ಟು, ನಿಮಗೆ ಹೇಗೆ ಬೇಕಿತ್ತು ಎಂದು ಕೇಳಿ.